ಪ್ರಿಂಟರ್‌ನಿಂದ ಬೇಡದ ಹಾಳೆ ಬರುತ್ತಿದೆಯೇ? ಮೊದಲು ಆ ಹಾಳೆಯನ್ನು ಓದಿ

ಒಂದು ಪುಟದ ಪತ್ರಕ್ಕೆ ಪ್ರಿಂಟ್ ಕೊಟ್ಟರೆ ಎರಡು ಹಾಳೆ ಬರುತ್ತದೆ. ಲಿನಕ್ಸ್ ಬಳಸುವ ಬಹಳಷ್ಟು ಜನ ಆಗ ಮಾಡುವುದು ಇಷ್ಟೇ: ಹೆಚ್ಚಿಗೆ ಬಂದ ಹಾಳೆಯನ್ನು ಮುದುಡಿ ಬುಟ್ಟಿಗೆ ಹಾಕುತ್ತಾರೆ, ಪ್ರಿಂಟರನ್ನೇ ಸಿಸ್ಟಮ್‌ನಿಂದ ಕಿತ್ತುಹಾಕಿ ಡ್ರೈವರ್ ಮತ್ತೆ ಹಾಕುತ್ತಾರೆ. ಅರ್ಧ ದಿನ ಹೋಗುತ್ತದೆ, ಹಾಳೆ ಮತ್ತೆ ಬರುತ್ತದೆ. ಇದನ್ನು ಎಷ್ಟೋ ಸಲ ಕಣ್ಣಾರೆ ಕಂಡು ಬೇಸರವಾಗಿಯೇ ಇದನ್ನು ಬರೆಯುತ್ತಿದ್ದೇನೆ. ಡ್ರೈವರ್‌ನಿಂದ ಹೀಗಾಗುವುದು ಕಡಿಮೆ. ಕಡತ, ಆ್ಯಪ್, ಪ್ರಿಂಟ್ ಕ್ಯೂ (ಪ್ರಿಂಟರ್‌ಗೆ ಹೋಗಬೇಕಾದ ಕೆಲಸಗಳು ಕಾಯುವ ಸಾಲು), ಪ್ರಿಂಟರ್ ಈ ನಾಲ್ಕರಲ್ಲಿ ಯಾವುದೋ ಒಂದು ಆ ಹಾಳೆಯನ್ನು ಸೇರಿಸಿರುತ್ತದೆ. ಯಾವುದು ಎಂದು ತಿಳಿಯುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ.

ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲೇ ಕೊಟ್ಟಿದ್ದೇನೆ. ನೀವು ಟೈಪ್ ಮಾಡುವಾಗ, ದೊಡ್ಡಕ್ಷರ ಎಂದು ಹೇಳಿದ ಕಡೆ ಬಿಟ್ಟು, ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹೊಡೆಯಿರಿ.

1. ಹಾಳೆಯನ್ನು ನೋಡಿ

ಬೇಡದ ಹಾಳೆ ಮೊದಲು ಬಂತೋ, ಕೊನೆಗೆ ಬಂತೋ, ನಡುನಡುವೆ ಬಂತೋ? ಪೂರ್ತಿ ಖಾಲಿಯೋ, ಏನಾದರೂ ಅಚ್ಚಾಗಿದೆಯೋ? ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

2. ಪಿಡಿಎಫ್ ಮಾಡಿ ಎಣಿಸಿ

ಅದೇ ಆ್ಯಪ್‌ನಿಂದ ‘ಪ್ರಿಂಟ್ ಟು ಫೈಲ್’ ಕೊಟ್ಟು ಪಿಡಿಎಫ್ ಮಾಡಿಕೊಂಡು ‘ಪಿಡಿಎಫ್ಇನ್ಫೋ’ ಕಮಾಂಡಿನಿಂದ ಪುಟ ಎಣಿಸಿ. ಪಿಡಿಎಫ್‌ನಲ್ಲೇ ಒಂದು ಪುಟ ಹೆಚ್ಚಿದ್ದರೆ ತಪ್ಪು ಕಡತದ್ದು ಇಲ್ಲವೇ ಆ್ಯಪ್‌ನದ್ದು. ಲಿಬ್ರೆಆಫೀಸ್ ರೈಟರ್ ಆಗಿದ್ದರೆ ಆಪ್ಷನ್ಸ್‌ನ ಪ್ರಿಂಟ್ ವಿಭಾಗದಲ್ಲಿ, ತಾನಾಗಿ ಸೇರಿದ ಖಾಲಿ ಪುಟಗಳನ್ನೂ ಅಚ್ಚುಮಾಡು ಎಂಬ ಅರ್ಥದ ಟಿಕ್ ಒಂದಿದೆ, ಅದನ್ನು ತೆಗೆಯಿರಿ. ಕಾಗದದ ಅಳತೆಯನ್ನೂ ನೋಡಿ. ಎ4 ಹಾಳೆ 297 ಮಿಲಿಮೀಟರ್ ಉದ್ದ, ಲೆಟರ್ ಹಾಳೆ 279.4. ಎ4ಗೆಂದು ಭರ್ತಿಯಾಗಿ ಬರೆದ ಪುಟ ಲೆಟರ್ ಅಳತೆಗೆ ಬಿದ್ದರೆ ಕೊನೆಯ ಮೂರ್ನಾಲ್ಕು ಸಾಲು ಮುಂದಿನ ಪುಟಕ್ಕೆ ಜಾರುತ್ತವೆ. ಡೆಬಿಯನ್ ಬಳಗದ ಸಿಸ್ಟಮ್‌ಗಳಲ್ಲಿ ಇಟಿಸಿ ಫೋಲ್ಡರಿನ ‘ಪೇಪರ್‌ಸೈಜ್’ ಕಡತದಲ್ಲಿ ಯಾವ ಅಳತೆ ಇದೆ ಎಂದು ಒಮ್ಮೆ ತೆರೆದು ನೋಡಿ.

ಪಿಡಿಎಫ್ ಸರಿಯಾಗಿದ್ದು ಕಾಗದದಲ್ಲಿ ಮಾತ್ರ ಒಂದು ಹೆಚ್ಚು ಬಂದರೆ ಮುಂದೆ ಓದಿ.

3. ಬ್ಯಾನರ್ ಹಾಳೆ

ಜನ ಹೆಚ್ಚು ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಹೆಚ್ಚಿನ ಹಾಳೆಯ ಮೇಲೆ ಜಾಬ್ ಸಂಖ್ಯೆ, ಕಡತದ ಹೆಸರು, ನಿಮ್ಮ ಲಾಗಿನ್ ಹೆಸರು ಇದ್ದರೆ ಅದು ಬ್ಯಾನರ್. ಹತ್ತಾರು ಜನ ಒಂದೇ ಪ್ರಿಂಟರ್ ಬಳಸುವಲ್ಲಿ ಯಾರ ಕಾಗದ ಯಾವುದು ಎಂದು ಬೇರ್ಪಡಿಸಲು ಹುಟ್ಟಿದ ಹಳೆಯ ಯುನಿಕ್ಸ್ ಪದ್ಧತಿ ಇದು. ಹಿಂದೆ ಪ್ರಿಂಟ್ ಕೆಲಸ ನೋಡಿಕೊಳ್ಳುತ್ತಿದ್ದ ಎಲ್‌ಪಿಡಿ ಎಂಬ ತಂತ್ರಾಂಶದ ಕಾಲದಲ್ಲಿ ‘ಪ್ರಿಂಟ್‌ಕ್ಯಾಪ್’ ಕಡತದಲ್ಲಿ ‘ಎಸ್‌ಎಚ್’ ಎಂದು ಎರಡಕ್ಷರ ಸೇರಿಸಿದರೆ ಅದು ನಿಲ್ಲುತ್ತಿತ್ತು. 1999ರಲ್ಲಿ ಬಂದ ಕಪ್ಸ್ ಎಂಬ ಪ್ರಿಂಟ್ ತಂತ್ರಾಂಶ ಈಗ ಲಿನಕ್ಸ್‌ನಲ್ಲೂ ಮ್ಯಾಕ್‌ನಲ್ಲೂ ಅದರ ಜಾಗದಲ್ಲಿದೆ. ಬ್ಯಾನರ್‌ಗೆ ಅದು ಇಟ್ಟಿರುವ ಹೆಸರು ‘ಜಾಬ್-ಶೀಟ್ಸ್’.

ಮೊದಲು ‘ಎಲ್‌ಪಿಸ್ಟ್ಯಾಟ್ -ಪಿ’ ಹೊಡೆದು ಪ್ರಿಂಟರ್‌ನ ಹೆಸರು ತಿಳಿದುಕೊಳ್ಳಿ. ಹೆಸರು ‘ಲೇಸರ್’ ಎಂದಿಟ್ಟುಕೊಳ್ಳೋಣ. ಆಮೇಲೆ ‘ಎಲ್‌ಪಿಆಪ್ಷನ್ಸ್ -ಪಿ ಲೇಸರ್’ ಎಂದು ಕೊಡಿ. ಪರದೆ ತುಂಬ ಒಂದು ಉದ್ದನೆಯ ಸಾಲು ಬರುತ್ತದೆ. ಗಾಬರಿಯಾಗದೆ ಅದರಲ್ಲಿ ‘ಜಾಬ್-ಶೀಟ್ಸ್=’ ಎಂಬುದನ್ನು ಹುಡುಕಿ. ಅದರ ಮುಂದೆ ಅಲ್ಪವಿರಾಮದ ಆಚೀಚೆ ಎರಡು ಪದಗಳಿರುತ್ತವೆ. ಮೊದಲನೆಯದು ಆರಂಭದ ಬ್ಯಾನರ್, ಎರಡನೆಯದು ಕೊನೆಯ ಬ್ಯಾನರ್. ‘ನನ್’ (ಎನ್-ಓ-ಎನ್-ಇ) ಎಂದರೆ ಬ್ಯಾನರ್ ಇಲ್ಲ. ‘ನನ್,ಸ್ಟ್ಯಾಂಡರ್ಡ್’ ಎಂದಿದ್ದರೆ ಆರಂಭದ ಹಾಳೆ ನಿಂತಿದೆ, ಕೊನೆಯದು ಇನ್ನೂ ಬರುತ್ತಿದೆ ಎಂದರ್ಥ. ಒಂದನ್ನು ಸರಿಮಾಡಿ ಇನ್ನೊಂದನ್ನು ಮರೆಯುವವರು ಬಹಳ.

ಕ್ಯೂನಲ್ಲಿ ಸರಿಪಡಿಸಲು: ‘ಸುಡೊ ಎಲ್‌ಪಿಅಡ್ಮಿನ್ -ಪಿ ಲೇಸರ್ -ಓ ಜಾಬ್-ಶೀಟ್ಸ್-ಡೀಫಾಲ್ಟ್=ನನ್,ನನ್’. ಸುಡೊ ಎಂದರೆ ಕಮಾಂಡನ್ನು ನಿರ್ವಾಹಕರ ಅಧಿಕಾರದಲ್ಲಿ ನಡೆಸುವುದು. ಕಮಾಂಡ್ ಬೇಡವೆಂದರೆ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್‌ನ 631ನೇ ಪೋರ್ಟ್ ತೆರೆದು, ಪ್ರಿಂಟರ್ ಆರಿಸಿ, ‘ಸೆಟ್ ಡೀಫಾಲ್ಟ್ ಆಪ್ಷನ್ಸ್’ ಒಳಗಿನ ‘ಬ್ಯಾನರ್ಸ್’ಗೆ ಹೋಗಿ. ನನಗೆ ಕಮಾಂಡೇ ಇಷ್ಟ. ಏನು ಮಾಡಿದೆವು ಎಂಬುದು ಟರ್ಮಿನಲ್‌ನಲ್ಲಿ ಉಳಿದಿರುತ್ತದೆ, ಇನ್ನೊಂದು ಯಂತ್ರಕ್ಕೆ ಹಾಗೇ ಒಯ್ಯಬಹುದು.

ಇಷ್ಟು ಮಾಡಿದರೂ ಬ್ಯಾನರ್ ಬರುತ್ತಿದೆಯೇ? ಹಾಗಾದರೆ ನಿಮ್ಮ ಖಾತೆಯಲ್ಲೇ ಹಳೆಯ ಆಯ್ಕೆ ಉಳಿದಿದೆ. ಎಲ್‌ಪಿಆಪ್ಷನ್ಸ್ ಕಮಾಂಡನ್ನು ಸುಡೊ ಜೊತೆ ಕೊಟ್ಟರೆ ಬದಲಾವಣೆ ಇಟಿಸಿ ಕೆಳಗಿನ ಕಪ್ಸ್ ಫೋಲ್ಡರ್‌ಗೆ ಹೋಗುತ್ತದೆ. ಸುಡೊ ಇಲ್ಲದೆ ಕೊಟ್ಟರೆ ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಅಡಗಿರುವ ಕಪ್ಸ್ ಫೋಲ್ಡರ್‌ಗೆ ಹೋಗುತ್ತದೆ. ಎರಡೂ ಇದ್ದಾಗ ನಿಮ್ಮ ಹೋಮ್‌ನಲ್ಲಿರುವುದೇ ಗೆಲ್ಲುತ್ತದೆ. ನಿರ್ವಾಹಕರು ತಮ್ಮ ಖಾತೆಯಿಂದ ಪರೀಕ್ಷಿಸಿ ‘ಸರಿಹೋಯಿತು’ ಎಂದು ಹೇಳಿ ಹೋದ ಮೇಲೂ ನಿಮ್ಮ ಪ್ರಿಂಟ್ ಮಾತ್ರ ಕೆಡುತ್ತಿರುವುದು ಇದರಿಂದಲೇ. ‘ಎಲ್‌ಪಿಆಪ್ಷನ್ಸ್ -ಎಕ್ಸ್ ಲೇಸರ್’ ಎಂದು ಸುಡೊ ಇಲ್ಲದೆ ಕೊಡಿ, ನಿಮ್ಮ ಹಳೆಯ ಆಯ್ಕೆಗಳೆಲ್ಲ ಅಳಿಸಿಹೋಗಿ ಕ್ಯೂನ ಆಯ್ಕೆ ಜಾರಿಗೆ ಬರುತ್ತದೆ. ಪ್ರಿಂಟ್ ಡೈಲಾಗ್‌ನ ‘ಜಾಬ್’ ಟ್ಯಾಬ್‌ನಲ್ಲೂ ಕವರ್ ಪೇಜ್ ಸೇರಿಸುವ ಆಯ್ಕೆ ಇರುತ್ತದೆ, ಅದನ್ನೂ ಇಣುಕಿ ನೋಡಿ.

ಎಲ್ಲ ಕಡೆ ‘ನನ್’ ಇದ್ದೂ ಹೆಸರಿನ ಹಾಳೆ ಬಂದರೆ ಪ್ರಿಂಟರೋ ಅದಕ್ಕೆ ಜೋಡಿಸಿದ ನೆಟ್‌ವರ್ಕ್ ಪೆಟ್ಟಿಗೆಯೋ ತಾನೇ ಅದನ್ನು ಅಚ್ಚುಮಾಡುತ್ತಿದೆ. ಅದರ ಮೆನುವಿನಲ್ಲೇ ಅದನ್ನು ನಿಲ್ಲಿಸಬೇಕು.

4. ಸಾದಾ ಪಠ್ಯ: ಒಂದು ಹಾಳೆ ಭರ್ತಿ, ಮರುಹಾಳೆಯಲ್ಲಿ ಆರೇ ಸಾಲು

ಸಾದಾ ಪಠ್ಯವನ್ನು ಪುಟಗಳಾಗಿ ವಿಂಗಡಿಸುವ ‘ಪಿಆರ್’ ಕಮಾಂಡ್ ಬಳಸುವವರಿಗೆ ಇದು ಗೊತ್ತಿರುವ ಕಾಟ. ಇಂಚಿಗೆ 6 ಸಾಲಿನಂತೆ 11 ಇಂಚಿನ ಹಾಳೆಗೆ 66 ಸಾಲು ಎಂಬುದು ಪಿಆರ್‌ನ ಲೆಕ್ಕ. ಲೇಸರ್ ಪ್ರಿಂಟರ್ ಹಾಳೆಯ ಅಂಚಿನ ತನಕ ಅಚ್ಚು ಹಾಕುವುದಿಲ್ಲ. ಮೇಲೆ ಕೆಳಗೆ ಅರ್ಧರ್ಧ ಇಂಚು ಬಿಟ್ಟರೆ 60 ಸಾಲು ಹಿಡಿಯುತ್ತದೆ, ಉಳಿದ 6 ಸಾಲು ಮುಂದಿನ ಹಾಳೆಗೆ ಹೋಗುತ್ತದೆ.

ನಿಮ್ಮ ಪ್ರಿಂಟರ್‌ಗೆ ಎಷ್ಟು ಸಾಲು ಹಿಡಿಯುತ್ತದೆ ಎಂದು ಊಹಿಸಬೇಡಿ. ‘ಸೀಕ್ 100’ರ (ಎಸ್-ಇ-ಕ್ಯೂ) ಔಟ್‌ಪುಟ್ಟನ್ನು ಪೈಪ್ (ಎರಡು ಕಮಾಂಡ್‌ಗಳ ನಡುವೆ ಹಾಕುವ ನೆಟ್ಟಗೆರೆಯ ಚಿಹ್ನೆ) ಮೂಲಕ, ಪ್ರಿಂಟ್‌ಗೆ ಕಳಿಸುವ ‘ಎಲ್‌ಪಿ’ ಕಮಾಂಡಿಗೆ ಕೊಡಿ. 1ರಿಂದ 100ರವರೆಗೆ ಅಂಕಿಗಳು ಸಾಲಿಗೊಂದರಂತೆ ಅಚ್ಚಾಗುತ್ತವೆ. ಮೊದಲ ಹಾಳೆಯ ಕೊನೆಯ ಅಂಕಿಯೇ ನಿಮ್ಮ ಮಿತಿ. ಅದು 60 ಆದರೆ ‘ಪಿಆರ್ -ಎಫ್ -ಎಲ್ 59’ ಎಂದು ಕೊಡಿ. ಒಂದು ಕಡಿಮೆ ಕೊಡುವುದಕ್ಕೆ ಕಾರಣವಿದೆ: ಕೊನೆಯ ಸಾಲೂ ತುಂಬಿ ಪುಟ ತಾನೇ ತಿರುಗಿದ ಮೇಲೆ ಪುಟ ತಿರುಗಿಸುವ ಫಾರ್ಮ್‌ಫೀಡ್ ಅಕ್ಷರ ಬಂದರೆ ಮತ್ತೊಂದು ಖಾಲಿ ಹಾಳೆ ಹೊರಬೀಳಬಹುದು.

ಕಡತದ ಕೊನೆಯಲ್ಲಿ ಒಂಟಿಯಾಗಿ ಕುಳಿತ ಫಾರ್ಮ್‌ಫೀಡ್ ಕೂಡ ಕೊನೆಗೊಂದು ಖಾಲಿ ಹಾಳೆ ತರುತ್ತದೆ. ‘ಟೇಲ್ -ಸಿ 10’ರ ಔಟ್‌ಪುಟ್ಟನ್ನು ‘ಓಡಿ -ಸಿ’ಗೆ ಕೊಟ್ಟರೆ ಹಿಂಬದಿ ಓರೆಗೆರೆಯ ಪಕ್ಕ ‘ಎಫ್’ ಕಾಣಿಸುತ್ತದೆ. ಎಡಿಟರ್‌ನಲ್ಲಿ ಅಳಿಸಿ.

ಪ್ರತಿ ಸಲವೂ ಪುಟದ ಸಂಖ್ಯೆ ಕೊಟ್ಟು, ‘ಎಲ್‌ಪಿ -ಪಿ 1-3’ (ಇಲ್ಲಿ ಅಡ್ಡಗೆರೆಯ ಮುಂದಿನ ಪಿ ದೊಡ್ಡಕ್ಷರ) ಎಂದು ಬೇಕಾದ ಪುಟ ಮಾತ್ರ ಕಳಿಸುವ ಅಡ್ಡದಾರಿಯೂ ಇದೆ. ಅವಸರದಲ್ಲಿ ಒಮ್ಮೆ ಸರಿ, ಆದರೆ ಅದರಿಂದ ಬ್ಯಾನರ್ ನಿಲ್ಲುವುದಿಲ್ಲ.

5. ಅರ್ಥವಿಲ್ಲದ ಅಕ್ಷರಗಳ ಹಾಳೆಗಳು ನಿಲ್ಲದೆ ಬಂದರೆ

ಮೊದಲ ಸಾಲಿನಲ್ಲಿ ಶೇಕಡಾ ಚಿಹ್ನೆ, ಉದ್ಗಾರ ಚಿಹ್ನೆ, ‘ಪಿಎಸ್-ಅಡೋಬಿ’ ಕಂಡರೆ ಪೋಸ್ಟ್‌ಸ್ಕ್ರಿಪ್ಟ್ (ಪುಟ ಹೇಗಿರಬೇಕೆಂದು ಪ್ರಿಂಟರ್‌ಗೆ ವಿವರಿಸುವ ಭಾಷೆ) ಅರಿಯದ ಪ್ರಿಂಟರ್‌ಗೆ ಪೋಸ್ಟ್‌ಸ್ಕ್ರಿಪ್ಟ್ ಕಡತ ಹಾಗೇ ಹೋಗಿದೆ. ತಕ್ಷಣ ಕಾಗದದ ಟ್ರೇ ಎಳೆಯಿರಿ. ಕಂಪ್ಯೂಟರ್‌ನಲ್ಲಿ ‘ಕ್ಯಾನ್ಸಲ್ -ಎ’ ಕೊಡಿ. ಆಮೇಲೆ ಪ್ರಿಂಟರ್ ಆಫ್ ಮಾಡಿ, ಅದರೊಳಗೆ ಉಳಿದದ್ದು ಅಳಿಸಿಹೋದ ಮೇಲೆ ಮತ್ತೆ ಹಚ್ಚಿ. ಈ ಕ್ರಮ ತಪ್ಪಿಸಬೇಡಿ. ಪ್ರಿಂಟರನ್ನು ಮೊದಲೇ ಆಫ್ ಮಾಡಿದರೆ ಹಚ್ಚಿದ ಕೂಡಲೇ ಕ್ಯೂ ಅದೇ ಕಡತವನ್ನು ಮತ್ತೆ ಕಳಿಸುತ್ತದೆ.

ಇದಕ್ಕೆ ಮೂಲ ಹೆಚ್ಚಾಗಿ ‘ರಾ’ (ಕಡತವನ್ನು ಬದಲಿಸದೆ ಹಾಗೇ ಕಳಿಸುವ ಬಗೆ) ಎಂದು ಸೇರಿಸಿದ ಕ್ಯೂ, ಇಲ್ಲವೇ ಬೇರೆ ಮಾದರಿಯ ಡ್ರೈವರ್. ಎಲ್ಲ ಪ್ರಿಂಟರ್‌ಗೂ ಆಗುತ್ತದೆ ಎಂದು ಹೇಳಿಕೊಳ್ಳುವ ಡ್ರೈವರ್ ಕಟ್ಟುಗಳನ್ನು ಹಾಕಲೇಬೇಡಿ. ಪ್ರಿಂಟರ್ ಐಪಿಪಿ ಎವ್ರಿವೇರ್‌ಗೆ (ಬೇರೆ ಡ್ರೈವರ್ ಇಲ್ಲದೆ ಅಚ್ಚುಮಾಡುವ ಮಾನಕ) ಒಪ್ಪುವಂಥದ್ದಾದರೆ ಎಲ್‌ಪಿಅಡ್ಮಿನ್‌ಗೆ ‘-ಎಂ ಎವ್ರಿವೇರ್’ ಕೊಟ್ಟು ಹೊಸ ಕ್ಯೂ ಮಾಡಿ, ಹಳೆಯದನ್ನು ‘ಎಲ್‌ಪಿಅಡ್ಮಿನ್ -ಎಕ್ಸ್’ನಿಂದ ತೆಗೆದುಹಾಕಿ. ಮತ್ತೆ ಒಂದೇ ಸಾಲಿನ ಕಡತ ಕಳಿಸಿ ನೋಡಿ. ಒಂದೇ ಹಾಳೆ ಬಂದರೆ ಟ್ರೇಗೆ ಕಾಗದ ತುಂಬಿ.