ಮಾಟುಂಗದ ಮನೆಯಲ್ಲಿ ಚೆರ್ರಿ ಕೋಲಾ: ನನ್ನ ಅನುಭವ

ಮನೆಯಲ್ಲಿ ಮಾಡಿದ ಕೋಲಾ ಎಂದರೆ ಸಕ್ಕರೆ ಬೆರೆಸಿದ ಕಷಾಯವೇ ಎಂದು ಮುಂಬಯಿಯ ಮಾಟುಂಗದಲ್ಲಿ ಉಪಾಹಾರಗೃಹ ನಡೆಸುವ ನಮ್ಮವರೇ ಹಲವರು ವಾದಿಸುತ್ತಿದ್ದರು; ಅದಕ್ಕೆ ಚೆರ್ರಿ ಹಾಕುವುದಂತೂ ದುಬಾರಿ ಹಣ್ಣನ್ನು ಹಾಳುಮಾಡುವ ಕೆಲಸ ಎನ್ನುತ್ತಿದ್ದರು. ಈ ಬೇಸಿಗೆಯಲ್ಲಿ ಅವರಲ್ಲೇ ಇಬ್ಬರು ತಮ್ಮ ಮನೆಯ ಸಮಾರಂಭಕ್ಕೆಂದು ನನ್ನಿಂದ ಪಾಕ ಕೇಳಿ ಒಯ್ದಿದ್ದಾರೆ.

ಹಣ ಕಳೆದದ್ದು ಎಲ್ಲಿ ಎಂಬುದನ್ನು ಮೊದಲು ಹೇಳುತ್ತೇನೆ. ಕಾಶ್ಮೀರ ಮತ್ತು ಹಿಮಾಚಲದ ಚೆರ್ರಿ ಮೇ, ಜೂನ್ ತಿಂಗಳುಗಳಲ್ಲಿ ಕ್ರಾಫರ್ಡ್ ಮಾರುಕಟ್ಟೆಗೆ ಬರುತ್ತದೆ. ಬೆಲೆ ಇಳಿದ ವಾರದಲ್ಲೂ ಕಿಲೋಗೆ ಸುಮಾರು 300 ರೂಪಾಯಿ. ಮಸಾಲೆ, ನಿಂಬೆಸಿಪ್ಪೆ, ಹಣ್ಣು ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕುದಿಸುವ ವಿಧಾನಕ್ಕೆ ಎರಡು ಹಂಗಾಮುಗಳಲ್ಲಿ ನಾಲ್ಕೈದು ಸಾವಿರ ರೂಪಾಯಿ ಹೋಯಿತು. ಕುದಿತದಲ್ಲಿ ಚೆರ್ರಿಯ ಪರಿಮಳ ಆವಿಯೊಡನೆ ಹೊರಟುಹೋಗಿ ಜಾಮ್‌ನ ರುಚಿ ಮಾತ್ರ ಉಳಿಯುತ್ತದೆ. ಸಿಪ್ಪೆಯ ಎಣ್ಣೆಯೂ ಹಾರಿ ಕಹಿ ಉಳಿಯುತ್ತದೆ.

ಕೋಕಾ-ಕೋಲಾ ಕಂಪನಿ 1985ರಲ್ಲಿ ಚೆರ್ರಿ ಕೋಲಾವನ್ನು ಮಾರುಕಟ್ಟೆಗೆ ತರುವುದಕ್ಕೆ ಬಹಳ ಮುಂಚೆಯೇ ಅಮೆರಿಕದ ಸೋಡಾ ಅಂಗಡಿಗಳಲ್ಲಿ ಕೋಲಾದ ಲೋಟಕ್ಕೆ ಚೆರ್ರಿ ಪಾಕವನ್ನು ಬೇರೆಯಾಗಿ ಸುರಿದು ಕೊಡುತ್ತಿದ್ದರು. ನನ್ನ ವಿಧಾನದ ತಿರುಳು ಇದೇ: ಎರಡು ಪಾಕಗಳನ್ನು ಬೇರೆಬೇರೆ ಮಾಡಬೇಕು, ಅವು ಲೋಟದಲ್ಲಿ ಮಾತ್ರ ಸೇರಬೇಕು.

ಚೆರ್ರಿಯನ್ನು ನಾನು ಈಗ ಒಲೆಗೇ ಇಡುವುದಿಲ್ಲ. ಒಂದು ಕಿಲೋ ಹಣ್ಣಿನ ಬೀಜ ತೆಗೆದು, ಕೈಯಿಂದ ಹಿಸುಕಿ, ಸುಮಾರು 700 ಗ್ರಾಂ ಸಕ್ಕರೆಯೊಡನೆ ಎರಡು ದಿನ ಫ್ರಿಜ್‌ನಲ್ಲಿಟ್ಟು ಬಟ್ಟೆಯಲ್ಲಿ ಸೋಸುತ್ತೇನೆ. ನಮಗೆ ಸಿಗುವುದು ಸಿಹಿ ಜಾತಿಯ ಚೆರ್ರಿ, ಅದರಲ್ಲಿ ಹುಳಿ ಸಾಲದು. ಆದ್ದರಿಂದ ಆ ಹಣ್ಣಿನದೇ ಮುಖ್ಯ ಆಮ್ಲವಾದ ಮ್ಯಾಲಿಕ್ ಆಮ್ಲವನ್ನು ಒಂದು ಚಮಚದಷ್ಟು ಸೇರಿಸುತ್ತೇನೆ. ಬಾದಾಮಿಯ ಆ ಪರಿಚಿತ ವಾಸನೆಗಾಗಿ ಬೀಜ ಜಜ್ಜುವವರಿದ್ದಾರೆ. ದಯವಿಟ್ಟು ಜಜ್ಜಬೇಡಿ, ಜಜ್ಜಿದ ಬೀಜದಿಂದ ಸಯನೈಡ್ ಹುಟ್ಟುತ್ತದೆ. ಬಾದಾಮಿ ಎಸೆನ್ಸಿನ ಎರಡು ಹನಿ ಸಾಕು.

ಕೋಲಾ ಪಾಕದ ಬಣ್ಣ ಸುಟ್ಟ ಸಕ್ಕರೆಯದು, ಕ್ರಿಸ್‌ಮಸ್ ಕೇಕಿಗೆ ಗೋವಾದವರು ಮಾಡಿಕೊಳ್ಳುವಂಥದ್ದು. ಚಕ್ಕೆ ಸಿಲೋನಿನದಾಗಿರದೆ ಅಗ್ಗದ ದಪ್ಪ ಚಕ್ಕೆಯೇ ಆಗಿರಬೇಕು, ಏಕೆಂದರೆ ಕೋಲಾದ ಖಾರ ಅದರಲ್ಲೇ ಇದೆ. ಅದನ್ನು ಕೊತ್ತಂಬರಿ ಬೀಜ ಮತ್ತು ಜಾಯಿಕಾಯಿಯೊಡನೆ ಒಲೆಯಿಂದ ಇಳಿಸಿದ ಬಿಸಿ ಪಾಕದಲ್ಲಿ ಅರ್ಧ ಗಂಟೆ ನೆನೆಸಿದರೆ ಸಾಕು. ನಾಗಪುರದ ಕಿತ್ತಳೆಸಿಪ್ಪೆಯನ್ನು ಚಳಿಗಾಲದಲ್ಲೇ ಸಕ್ಕರೆಯಲ್ಲಿ ಉಜ್ಜಿ ಫ್ರೀಜರಿನಲ್ಲಿಟ್ಟುಕೊಂಡಿರುತ್ತೇನೆ. ನಿಂಬೆಸಿಪ್ಪೆಯನ್ನು ಅಂದೇ ಉಜ್ಜುತ್ತೇನೆ. ಕೊನೆಯಲ್ಲಿ ಬೀಳುವ ಒಂದು ಹೂವಿನ ನೀರಿನ ಹೆಸರನ್ನೂ ಅಳತೆಯನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಸಿಪ್ಪೆಯ ಎಣ್ಣೆ ಬಾಟಲಿಯ ಕತ್ತಿನಲ್ಲಿ ಉಂಗುರದಂತೆ ತೇಲುವುದು ಬಹುಕಾಲ ಬಗೆಹರಿಯಲಿಲ್ಲ. ಅದನ್ನು ಹಿಡಿದಿಟ್ಟದ್ದು ಅರಬ್ಬಿ ಗೋಂದು: ಲೀಟರಿಗೆ ಹತ್ತು ಗ್ರಾಂನಷ್ಟನ್ನು ನೀರಿನಲ್ಲಿ ಕರಗಿಸಿ, ಸಿಪ್ಪೆಯ ಎಣ್ಣೆ ಹೀರಿದ ಸಕ್ಕರೆಯೊಡನೆ ಮಿಕ್ಸರಿನಲ್ಲಿ ಚೆನ್ನಾಗಿ ತಿರುಗಿಸಬೇಕು. ಕತೀರಾ ಗೋಂದು ಕರಗದೆ ಲೋಳೆಯಾಗಿ ಉಬ್ಬುತ್ತದೆ, ಅದು ಬೇಡ.

ಇದರ ನಡುವೆ ಲೋಣಾವಳದ ಕಡೆಯಿಂದ ಬಂದ ಕರವಂದ, ಅಂದರೆ ನಮ್ಮ ಕವಳೆ ಹಣ್ಣಿನಿಂದಲೂ ಇದೇ ಪಾಕ ಮಾಡಿ ನೋಡಿದೆ. ಬೇಕರಿಗಳಲ್ಲಿ ಚೆರ್ರಿಯ ಹೆಸರಿನಲ್ಲಿ ಸಿಗುವ ಕೆಂಪು ಹಣ್ಣು ಬಹುಮಟ್ಟಿಗೆ ಇದೇ ಅಲ್ಲವೇ? ಬಣ್ಣ ಸೊಗಸಾಗಿತ್ತು, ಹುಳಿ ಇನ್ನೂ ಸೊಗಸಾಗಿತ್ತು, ಆದರೆ ಹಣ್ಣಿನ ಹಾಲು ಒಗರಾಗಿ ನಾಲಗೆಗೆ ಅಂಟಿತು. ಮುರುಗಲಿನ, ಅಂದರೆ ಕೋಕಂ ಹಣ್ಣಿನ ಪಾಕ ಕೋಲಾದೊಡನೆ ಸ್ವಲ್ಪವೂ ಹೊಂದಲಿಲ್ಲ. ಅದಕ್ಕೆ ಬರೀ ಸೋಡಾವೇ ಸರಿ.

ಸೋಡಾ ಕೊಳ್ಳುವಾಗ ಬಾಟಲಿಯ ಹಿಂಬದಿಯನ್ನು ಓದಿ. ಸೋಡಿಯಂ ಬೈಕಾರ್ಬನೇಟ್ ಇದ್ದರೆ ಅದು ಪಾಕದ ಹುಳಿಯನ್ನು ಕೊಲ್ಲುತ್ತದೆ. ನಾನು ಮನೆಯಲ್ಲೇ ಸೋಡಾ ಮಾಡುವ ಸೈಫನ್ ಬಾಟಲಿಯಲ್ಲಿ ಹಿಮದಷ್ಟು ತಣ್ಣಗಿನ ನೀರಿಗೆ ಅನಿಲ ತುಂಬುತ್ತೇನೆ, ಏಕೆಂದರೆ ನೀರು ತಣ್ಣಗಿದ್ದಷ್ಟೂ ಅನಿಲ ಹೆಚ್ಚು ಕರಗುತ್ತದೆ. ಲೋಟಕ್ಕೆ ಎರಡು ಪಾಲು ಕೋಲಾ ಪಾಕ, ಒಂದು ಪಾಲು ಚೆರ್ರಿ ಪಾಕ, ಒಂಬತ್ತು ಪಾಲು ಸೋಡಾ. ಖರ್ಚು ಲೋಟಕ್ಕೆ 25ರಿಂದ 30 ರೂಪಾಯಿ ಬೀಳುತ್ತದೆ. ಕೋಲಾ ಪಾಕ ಫ್ರಿಜ್‌ನಲ್ಲಿ ಒಂದು ತಿಂಗಳು ಚೆನ್ನಾಗಿರುತ್ತದೆ. ಬೇಯಿಸದ ಚೆರ್ರಿ ಪಾಕವನ್ನು ವಾರದೊಳಗೆ ಮುಗಿಸಬೇಕು, ಇಲ್ಲವೇ ಫ್ರೀಜರಿಗೆ ಹಾಕಬೇಕು.