ಕಮ್ಮಟ ಮೊದಲು, ಉಪನ್ಯಾಸ ಆಮೇಲೆ

2025ರ ಮೇ ಮೊದಲ ವಾರ ನಮ್ಮೂರಿನ ಬೇಸಿಗೆ ಕಲಾಮೇಳ ಮುಗಿಯಿತು. ಅದಾದ ಮೂರನೆಯ ದಿನ ಕಮ್ಮಟ ಮತ್ತು ಉಪನ್ಯಾಸಗಳ ಲೆಕ್ಕದ ಪುಸ್ತಕವನ್ನು ಸಮಿತಿಯ ಮುಂದಿಟ್ಟೆ. ಎಲ್ಲ ಖರ್ಚು ಕಳೆದು ಸುಮಾರು 11,000 ರೂಪಾಯಿ ಉಳಿದಿತ್ತು. ಶಿರಸಿ ತಾಲೂಕಿನ ಒಂದು ಹಳ್ಳಿಯಲ್ಲಿ, ಮದುವೆ ಉಪನಯನಗಳ ತಿಂಗಳಲ್ಲಿ, ದುಡ್ಡು ಕೊಟ್ಟು ಬಂದ ಜನರನ್ನು ಕೂರಿಸಿಕೊಂಡು ಆರು ಕಮ್ಮಟ ಮತ್ತು ಆರು ಉಪನ್ಯಾಸ ನಡೆಸಿ ಹಣ ಉಳಿಸಿದ್ದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ರಾತ್ರಿಯ ಯಕ್ಷಗಾನದ ಲೆಕ್ಕ ಬೇರೆ, ಅದನ್ನು ನೋಡಿಕೊಳ್ಳುವವರೂ ಬೇರೆ. ಹಗಲಿನ ಕಾರ್ಯಕ್ರಮಗಳ ಹೊಣೆ ಮಾತ್ರ 2016ರಿಂದ ನನ್ನದು. ಮೇಳ ನಡೆಸುವವರಿಗೆಂದೇ ಇದನ್ನು ಬರೆಯುತ್ತಿರುವುದರಿಂದ ಚಪ್ಪರ, ಧ್ವನಿವರ್ಧಕ, ಪರವಾನಗಿಗಳ ವಿಚಾರವನ್ನು ಇಲ್ಲಿ ವಿವರಿಸುವುದಿಲ್ಲ.

ಮೊದಲ ವರ್ಷ ಮಾಡಿದ್ದು ಎಲ್ಲರೂ ಮಾಡುವುದನ್ನೇ. ಶಾಲೆಯ ಮೈದಾನದಲ್ಲಿ ಶಾಮಿಯಾನ, 200 ಕುರ್ಚಿ, ವೇದಿಕೆ, ಪೋಡಿಯಂ, ಹಾರ ತುರಾಯಿ, ಸಂಜೆ ಆರಕ್ಕೆ ಉಪನ್ಯಾಸ. ಮೊದಲ ದಿನದ ಉಪನ್ಯಾಸಕ್ಕೆ ಕುಳಿತವರು ಒಂಬತ್ತು ಜನ, ಅವರಲ್ಲಿ ಐವರು ಸಮಿತಿಯವರ ಮನೆಯವರೇ. ಖರ್ಚು 1,35,000ದಷ್ಟಾಗಿತ್ತು, ದೇಣಿಗೆ ಬಂದದ್ದು 62,000. ಉಳಿದದ್ದನ್ನು ಆ ವರ್ಷದ ಅಡಿಕೆ ಮಾರಿದ ಹಣದಿಂದ ತುಂಬಿದೆ. ಮನೆಯಲ್ಲಿ ಅದರ ಬಗ್ಗೆ ನಡೆದ ಮಾತುಕತೆಯನ್ನು ಇಲ್ಲಿ ಬರೆಯಬೇಕಾಗಿಲ್ಲ. 2017ರಲ್ಲಿ ಅನುದಾನ ಕೊಡುವುದಾಗಿ ಒಪ್ಪಿದ್ದ ಒಂದು ಸಂಸ್ಥೆಯನ್ನು ನಂಬಿ, ದೂರದ ಊರುಗಳಿಂದ ಮೂವರು ವಿದ್ವಾಂಸರನ್ನು ಕರೆಸಿದೆವು. ಸಂಜೆ ಜನ ಬರುವುದಿಲ್ಲವೆಂದು ಈ ಬಾರಿ ಮಧ್ಯಾಹ್ನ ಮೂರಕ್ಕೆ ಇಟ್ಟೆವು. ಮೇ ಮೂರನೆಯ ವಾರದಲ್ಲಿ ಘಟ್ಟದ ಮೇಲೆ ಮಧ್ಯಾಹ್ನ ಮೂರರ ಮೇಲೆ ಏನಾಗುತ್ತದೆಂಬುದು ಗೊತ್ತಿದ್ದೂ ಹಾಗೆ ಮಾಡಿದ್ದು ನನ್ನ ತಪ್ಪು. ಎರಡನೆಯ ದಿನ ಗುಡುಗು ಮಳೆ ಬಂದು, ಶಾಮಿಯಾನದ ಬಟ್ಟೆಯಲ್ಲಿ ನೀರು ನಿಂತು ಒಂದು ಬದಿ ಕುಸಿಯಿತು. ನೆನೆದ ಸ್ಪೀಕರ್ ಪೆಟ್ಟಿಗೆಯ ದುರಸ್ತಿಗೆಂದೇ 6,000 ಹೋಯಿತು. ಅನುದಾನ ಬಂದದ್ದು 14 ತಿಂಗಳ ನಂತರ, ಅದೂ ಒಪ್ಪಿದ್ದರ ಅರ್ಧ. ಅಂದಿನಿಂದ ಕೈಗೆ ಬಾರದ ಹಣವನ್ನು ನಾನು ಲೆಕ್ಕದಲ್ಲಿ ಸೇರಿಸುವುದಿಲ್ಲ.

2018ರಲ್ಲಿ ಜನ ಇದ್ದಕ್ಕಿದ್ದಂತೆ ತುಂಬಿದರು. ಪ್ರಚಾರ ಚೆನ್ನಾಗಿ ಆಯಿತೆಂದು ಸಮಿತಿ ಸಂತೋಷಪಟ್ಟಿತು. ಕಾರಣ ಅದಲ್ಲವೆಂಬುದು ಪಂಚಾಂಗ ತೆಗೆದು ನೋಡಿದ ಮೇಲೆ ನನಗೆ ತಿಳಿಯಿತು. ಆ ವರ್ಷ ಮೇ 16ರಿಂದ ಅಧಿಕ ಜ್ಯೇಷ್ಠ ಮಾಸ ಹಿಡಿದಿತ್ತು, ಮುಹೂರ್ತಗಳೇ ಇರಲಿಲ್ಲ. ಮೇ 12ಕ್ಕೆ ವಿಧಾನಸಭೆಯ ಮತದಾನವೂ ಮುಗಿದಿದ್ದರಿಂದ ಜನರಿಗೆ ಬಿಡುವಿತ್ತು. ನಾವು ಉಪನ್ಯಾಸಕ್ಕೆ ಕರೆಯುವ ಜನ ಮದುವೆಯ ಊಟಕ್ಕೂ ಹೋಗಬೇಕಾದವರು. ಒಂದೇ ದಿನ ಎರಡೂ ಇದ್ದರೆ ಅವರು ಎಲ್ಲಿರುತ್ತಾರೆಂಬುದರಲ್ಲಿ ಅನುಮಾನವಿಲ್ಲ. ಈಗ ದಿನಾಂಕ ಗೊತ್ತುಮಾಡುವ ಮೊದಲು ಪಂಚಾಂಗದ ಮುಹೂರ್ತಗಳಿಗೆ ಗುರುತು ಹಾಕಿ, ಊರಿನ ಅಡುಗೆ ಭಟ್ಟರ ಬಳಿ ಅವರಿಗೆ ಕೆಲಸವಿಲ್ಲದ ದಿನಗಳು ಯಾವುವೆಂದು ಕೇಳುತ್ತೇನೆ. ಅವರ ಡೈರಿಗಿಂತ ನಂಬುವಂಥ ಪಟ್ಟಿ ಬೇರೆಲ್ಲೂ ಸಿಕ್ಕಿಲ್ಲ.

ಅದೇ ವರ್ಷ ಮತ್ತೊಂದು ಸಂಗತಿ ನಡೆಯಿತು. ಕಾವಿ ಕಲೆಯ, ಅಂದರೆ ಗುಡಿಗಳ ಗೋಡೆಯ ಕೆಂಪು-ಬಿಳಿ ಚಿತ್ರಗಳ, ಕಮ್ಮಟವನ್ನು ವೇದಿಕೆಯ ಹತ್ತಿರ ಜಾಗವಿಲ್ಲದೆ ನಮ್ಮ ಮನೆಯ ಅಂಗಳದಲ್ಲಿ, ಸೋಗೆ ಚಪ್ಪರದ ಕೆಳಗೆ ಇಟ್ಟಿದ್ದೆವು. ಕೆಲಸ ತಡವಾಗಿ, ಹನ್ನೊಂದೂವರೆಗೆ ಮೈದಾನದಲ್ಲಿ ಆಗಬೇಕಿದ್ದ ಕಾವಿ ಕಲೆಯ ಉಪನ್ಯಾಸಕ್ಕೆ ಯಾರೂ ಏಳಲಿಲ್ಲ. ಕಾದು ಬೇಸತ್ತ ಉಪನ್ಯಾಸಕರು ತಾವೇ ಅಂಗಳಕ್ಕೆ ಬಂದರು. ಹುಡುಗಿಯೊಬ್ಬಳು ಅರ್ಧ ಕೆರೆದ ಹಂಚನ್ನು ತೋರಿಸಿ, ಕೆಂಪು ಪದರದ ಕೆಳಗಿನ ಬಿಳಿ ಯಾಕೆ ಪುಡಿಯಾಗುತ್ತಿದೆ ಎಂದು ಕೇಳಿದಳು. ಅವರು ಅದಕ್ಕೆ ಉತ್ತರಿಸಲು ಕುಳಿತವರು ಮುಕ್ಕಾಲು ಗಂಟೆ ಏಳಲಿಲ್ಲ. ಕರಾವಳಿಯ ಗುಡಿಗಳ ಗೋಡೆಗೆ ಸುಣ್ಣ ಎಲ್ಲಿಂದ ಬರುತ್ತಿತ್ತು, ಘಟ್ಟದ ಮೇಲೆ ಈ ಕೆಲಸ ಯಾರು ಮಾಡಿದರು ಎಂದೆಲ್ಲ ಹೇಳಿದರು. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರಗಳನ್ನು ನಾವೆಲ್ಲ ಚಿಕ್ಕಂದಿನಿಂದ ನೋಡಿದ್ದೆವು. ಆದರೆ ಅವು ಬಳಿದ ಬಣ್ಣವಲ್ಲ, ಕೆರೆದು ಬಿಡಿಸಿದ ಗಾರೆ ಎಂಬುದನ್ನು ಅಲ್ಲಿದ್ದ ಬಹುಪಾಲು ಜನ ತಿಳಿದದ್ದು ಅಂದೇ.

ಆ ಪಾಠ ನನಗೆ ಕೂಡಲೇ ಹತ್ತಲಿಲ್ಲ. 2019ರಲ್ಲಿ ಮತ್ತೆ ಪೋಡಿಯಂ ತಂದು ನಿಲ್ಲಿಸಿದೆ, ಮತ್ತೆ ಖಾಲಿ ಕುರ್ಚಿಗಳನ್ನು ನೋಡಿದೆ, ಮತ್ತೆ 40,000ದ ಸುಮಾರು ಕಳೆದುಕೊಂಡೆ. ಮುಂದಿನ ಎರಡು ಬೇಸಿಗೆಗಳು ಕೊರೋನಾದಿಂದಾಗಿ ಹೋದವು. 2021ರಲ್ಲಿ ಆನ್‌ಲೈನ್ ಉಪನ್ಯಾಸ ಮಾಡಲು ಹೋಗಿ, ನೆಟ್‌ವರ್ಕ್ ಸಿಗುವ ಗುಡ್ಡದ ತಲೆಯ ಮೇಲೆ ಭಾಷಣಕಾರರನ್ನು ಕೂರಿಸಿದರೂ ಕೇಳುವವರಿಗೆ ನೆಟ್‌ವರ್ಕ್ ಇಲ್ಲದೆ ಕೈಬಿಟ್ಟೆವು. ಆ ಬಿಡುವಿನಲ್ಲಿ ಕುಳಿತು ಯೋಚಿಸಿದಾಗ ಹೊಳೆದದ್ದು ಇಷ್ಟೇ. ಕಮ್ಮಟ ಮತ್ತು ಉಪನ್ಯಾಸವನ್ನು ಬೇರೆ ಬೇರೆ ಕಾರ್ಯಕ್ರಮವೆಂದು ಕಾಣುವುದನ್ನು ಬಿಡಬೇಕು. ಬೆಳಿಗ್ಗೆ ಎಂಟೂವರೆಗೆ ಕೈ ಕೆಲಸ ಶುರುವಾಗಬೇಕು, ಹನ್ನೊಂದೂಮುಕ್ಕಾಲಿಗೆ ಅದೇ ಜಾಗದಲ್ಲಿ, ಮಾಡಿದ ವಸ್ತು ಕೈಯಲ್ಲಿರುವಾಗಲೇ, ಅದೇ ವಿಷಯದ ಮೇಲೆ 35 ನಿಮಿಷದ ಮಾತು ನಡೆಯಬೇಕು, ಆಮೇಲೆ ಊಟ. ಮಧ್ಯಾಹ್ನಕ್ಕೆ ಏನನ್ನೂ ಇಡಬಾರದು, ಅದು ಮಳೆಗೆ ಬಿಟ್ಟ ಹೊತ್ತು. ಉಪನ್ಯಾಸಕ್ಕೆ ಮಾತ್ರ ಬರುತ್ತೇನೆಂದವರಿಗೆ ಜಾಗವಿಲ್ಲ. ಇದಕ್ಕೆಲ್ಲ ಶುಲ್ಕ ಇರಬೇಕು.

ಶುಲ್ಕದ ಮಾತೆತ್ತಿದ ದಿನ ಸಮಿತಿಯ ಹಿರಿಯರೊಬ್ಬರು, 'ದುಡ್ಡು ಕೊಟ್ಟು ಭಾಷ್ಣ ಕೇಳಲೆ ಯಾರು ಬತ್ವ ತಮಾ?' ಎಂದು ಕೇಳಿದರು. ಅವರಿಗೆ ನಾನು ತೋರಿಸಿದ್ದು ಹಳೆಯ ನೋಂದಣಿ ಪುಸ್ತಕ. ಉಚಿತವಿದ್ದಾಗ ಹೆಸರು ಕೊಟ್ಟವರು 60, ಬಂದವರು 17. ಆ 43 ಜನರ ಊಟ, ಸಾಮಗ್ರಿ ಎರಡೂ ದಂಡವಾಗಿದ್ದವು. 2022ರಲ್ಲಿ 200 ರೂಪಾಯಿ ಇಟ್ಟೆವು. ಅದು ಮಾರಿಕಾಂಬಾ ಜಾತ್ರೆಯ ವರ್ಷ. ಎರಡು ವರ್ಷಕ್ಕೊಮ್ಮೆ ಬರುವ ಆ ಜಾತ್ರೆಯಲ್ಲಿ ಎಲ್ಲರ ಕೈ ಖಾಲಿಯಾಗಿರುತ್ತದೆಂದು ಹೆದರಿ ಎರಡೇ ಜೋಡಿ ಕಾರ್ಯಕ್ರಮ ಮಾಡಿದೆವು. 24 ಜಾಗಗಳಿಗೆ 22 ಜನ ಬಂದರು, ಮಾತು ಮುಗಿಯುವವರೆಗೂ ಒಬ್ಬರೂ ಎದ್ದುಹೋಗಲಿಲ್ಲ. 2025ರಲ್ಲಿ ಶುಲ್ಕ 400 ಇತ್ತು, ತಿಂಡಿ ಊಟ ಸೇರಿ. ಕೊಡಲಾಗದ ನಮ್ಮೂರಿನ ಮಕ್ಕಳು ಸುಣ್ಣ ಅರೆಯುವುದು, ಬಡಿಸುವುದು, ನೀರು ಹೊರುವುದು ಇತ್ಯಾದಿ ಕೆಲಸ ಮಾಡಿ ಜಾಗ ಪಡೆಯುತ್ತಾರೆ. ಅವರಲ್ಲಿ ಮೂವರು ಈಗ ನನಗಿಂತ ಚೆನ್ನಾಗಿ ಗಾರೆ ಹದ ಮಾಡುತ್ತಾರೆ.

ಗಾರೆಯ ವಿಷಯದಲ್ಲಿ ನಾನು ಕಳೆದುಕೊಂಡದ್ದನ್ನು ಹೇಳಲೇಬೇಕು. ಮೊದಲ ಸಲ ಸಿಮೆಂಟ್ ಹಲಗೆಯ ಮೇಲೆ ಗಾರೆ ಹಚ್ಚಿಸಿದೆ, ಒಣಗುತ್ತಲೇ ಇಡೀ ಪದರ ಹಪ್ಪಳದಂತೆ ಎದ್ದುಬಂತು. ಎರಡನೆಯ ಸಲ ಮಣ್ಣಿನ ಸಪಾಟು ಹಂಚು ತಂದೆ. ಆದರೆ ಅದು ಗಾರೆಯ ನೀರನ್ನೆಲ್ಲ ಹೀರಿ, ಕೆರೆಯುವ ಮೊದಲೇ ಗಾರೆ ಕಲ್ಲಾಯಿತು. ಹಂಚನ್ನು ಇಡೀ ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಮೇಲಿನ ನೀರು ಆರಿದ ಮೇಲೆ ಬಿಳಿ ಗಾರೆ ಹಚ್ಚಿ, ಅದು ಬೆರಳಿಗೆ ಅಂಟದ ಆದರೆ ಉಗುರು ಊರುವ ಹದಕ್ಕೆ ಬಂದಾಗ ಕೆಮ್ಮಣ್ಣಿನ ಪದರ ಕೊಟ್ಟರೆ ಮಾತ್ರ ಎರಡು ತಾಸು ಕೆರೆಯಲು ಸಿಗುತ್ತದೆ. ದೊಡ್ಡ ತಪ್ಪು ಇದ್ದದ್ದು ಸುಣ್ಣದಲ್ಲಿ. ಅಂಗಡಿಯ ಸುಣ್ಣದ ಪುಡಿಯನ್ನು ಹಿಂದಿನ ದಿನ ಕಲಸಿ ಬಳಸುತ್ತಿದ್ದೆ, ಆ ಹುಡುಗಿ ತೋರಿಸಿದ ಪುಡಿಯುವಿಕೆಗೆ ಅದೇ ಕಾರಣವಾಗಿತ್ತು. ಈಗ ಸುಟ್ಟ ಸುಣ್ಣವನ್ನು ತಂದು ಅರಳಿಸಿ, ಡ್ರಮ್ಮಿನಲ್ಲಿ ಮೇಲೆ ನೀರು ನಿಲ್ಲಿಸಿ, ಆರು ತಿಂಗಳಿಗಿಂತ ಹೆಚ್ಚು ಬಿಡುತ್ತೇನೆ. ಗಾರೆಗೆ ಬೆಲ್ಲದ ನೀರು ಸೇರುತ್ತದೆ, ಅಚ್ಚುಬೆಲ್ಲಕ್ಕಿಂತ ನಮ್ಮ ಜೋನಿ (ನೀರು) ಬೆಲ್ಲ ಚೆನ್ನಾಗಿ ಹಿಡಿಯುತ್ತದೆ. ಅದರ ಪ್ರಮಾಣ ಮತ್ತು ಸೇರಿಸುವ ಹೊತ್ತನ್ನು ಮಾತ್ರ ಇಲ್ಲಿ ಬರೆಯಲಾರೆ. ಅದನ್ನು ನನಗೆ ಕಲಿಸಿದವರಿಗೆ ಹಾಗೆಂದು ಮಾತು ಕೊಟ್ಟಿದ್ದೇನೆ.

ಕಲಾವಿದರಿಂದ ಮಾತನಾಡಿಸುವುದು ಇನ್ನೊಂದು ತೊಡಕು. ನಲವತ್ತು ವರ್ಷ ರಂಗದಲ್ಲಿ ನಿಂತ ಬಡಗುತಿಟ್ಟು ಯಕ್ಷಗಾನದ ವೇಷಧಾರಿಯೊಬ್ಬರು ಪೋಡಿಯಂ ಹಿಂದೆ ನಿಂತು ನಾಲ್ಕು ವಾಕ್ಯಕ್ಕೆ ಕೈ ಮುಗಿದು ಕುಳಿತದ್ದನ್ನು ನೋಡಿದ್ದೇನೆ. ಅವರನ್ನೇ 2023ರಲ್ಲಿ ಮುಖವರ್ಣಿಕೆ ಮತ್ತು ಕೇದಗೆ ಮುಂದಲೆಯೆಂಬ ಶಿರೋಭೂಷಣ ಕಟ್ಟುವ ಕಮ್ಮಟಕ್ಕೆ ಕರೆದು, ಅಟ್ಟೆ ಮತ್ತು ಬಟ್ಟೆ ಕೈಯಲ್ಲಿರುವಾಗ ಪಕ್ಕದಲ್ಲಿ ಒಬ್ಬರನ್ನು ಕೂರಿಸಿ ಪ್ರಶ್ನೆ ಕೇಳಿಸಿದೆ. ಹಿಂದೆ ಹಳದಿ ಬಣ್ಣದ ಅರದಾಳ ಮತ್ತು ಕೆಂಪು ಬಣ್ಣದ ಇಂಗಳೀಕ ಅರೆದು ಹಚ್ಚುತ್ತಿದ್ದ ದಿನಗಳಿಂದ ಹಿಡಿದು ಈಗಿನ ಬಣ್ಣದ ಡಬ್ಬಿಗಳವರೆಗೆ ಅವರು ನಿರರ್ಗಳವಾಗಿ ಹೇಳಿದರು. ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ ಇದೆ. ಆದ್ದರಿಂದ ಅವುಗಳನ್ನು ಗಾಜಿನ ಸೀಸೆಯಲ್ಲಿ ತೋರಿಸುವುದಷ್ಟೇ, ಮಕ್ಕಳ ಮುಖಕ್ಕೆ ಹಚ್ಚುವಂತಿಲ್ಲವೆಂಬುದು ನಮ್ಮ ಕಟ್ಟುನಿಟ್ಟು. ಪ್ರಶ್ನೆ ಕೇಳುವವರನ್ನು ಹೇಗೆ ಆರಿಸುತ್ತೇನೆ, ಅವರಿಗೆ ಮೊದಲೇ ಏನು ಹೇಳಿಕೊಡುತ್ತೇನೆ ಎಂಬುದೂ ನನ್ನಲ್ಲೇ ಇರಲಿ. ಅವರು ವಿದ್ವಾಂಸರಾಗಿರಬಾರದು ಎಂಬುದನ್ನಷ್ಟೇ ಹೇಳುತ್ತೇನೆ.

ಸಭಾ ಕಾರ್ಯಕ್ರಮ ತೆಗೆದುಹಾಕಿದ್ದು ಸಮಿತಿಯಲ್ಲಿ ಶುಲ್ಕಕ್ಕಿಂತ ದೊಡ್ಡ ಜಗಳವಾಯಿತು. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಅತಿಥಿಗಳ ನಾಲ್ಕು ಮಾತು, ಶಾಲು, ವಂದನಾರ್ಪಣೆ ಎಲ್ಲ ಸೇರಿ ಒಂದು ಉಪನ್ಯಾಸಕ್ಕೆ 40 ನಿಮಿಷ ಹೋಗುತ್ತಿತ್ತು. ಕೊನೆಗೆ ಮೊದಲ ದಿನ ಬೆಳಿಗ್ಗೆ 15 ನಿಮಿಷದ ಒಂದೇ ಸಭೆ ಎಂದು ಒಪ್ಪಂದವಾಯಿತು. ಸಂಭಾವನೆಯ ಲಕೋಟೆಯನ್ನು ಕಲಾವಿದರು ಬಂದು ಆಸ್ರಿ (ಬಾಯಾರಿಕೆಯ ಪಾನೀಯ) ಕುಡಿದ ಕೂಡಲೇ ಕೊಟ್ಟುಬಿಡುತ್ತೇನೆ. ಕೊನೆಯವರೆಗೆ ಕಾಯಿಸಿ ವೇದಿಕೆಯಲ್ಲಿ ಕೊಡುವ ಪದ್ಧತಿಯಲ್ಲಿ ಅವರ ಗಮನ ಅರ್ಧ ಅಲ್ಲೇ ಇರುತ್ತದೆ, ಅದು ಅವರಿಗೆ ಗೌರವವೂ ಅಲ್ಲ.

ನಡುವೆ ಮಾಡಿದ ಪ್ರಯೋಗಗಳಲ್ಲಿ ಹಸೆ ಚಿತ್ತಾರವೆಂಬ ಗೋಡೆಚಿತ್ರದ್ದು ಅರ್ಧ ಗೆದ್ದಿತು. ಪುಂಡಿ ನಾರಿನ ಕುಂಚವನ್ನು ಪ್ರತಿಯೊಬ್ಬರೂ ತಾವೇ ಮಾಡಿಕೊಳ್ಳಲಿ ಎಂದು ಹಟ ಹಿಡಿದೆ. ಕುಂಚ ಮಾಡುವುದರಲ್ಲೇ ಹನ್ನೊಂದು ಗಂಟೆಯಾಗಿ ಗೆರೆ ಎಳೆಯಲು ಹೊತ್ತೇ ಉಳಿಯಲಿಲ್ಲ. ಈಗ ಎರಡು ದಿನದ ಕಮ್ಮಟ ಮಾಡಿದ್ದೇವೆ, ಹಸೆ ಬರೆಯುವ ದೀವರ ಸಮುದಾಯದ ಹೆಂಗಸರೇ ಬಂದು ಕಲಿಸುತ್ತಾರೆ. ಪೂರ್ತಿ ಗೆದ್ದದ್ದು ತಾಳಮದ್ದಳೆಯ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದ, ಪ್ರಯೋಗ. ಯಕ್ಷಗಾನಕ್ಕೆ ಕಾಲಮಿತಿ ಬೇಕೇ, ಇಡೀ ರಾತ್ರಿಯ ಆಟವೇ ಇರಬೇಕೇ ಎಂಬುದರ ಮೇಲೆ ಉಪನ್ಯಾಸ ಇಡುವ ಬದಲು, 2024ರಲ್ಲಿ ಇಬ್ಬರು ಅರ್ಥಧಾರಿಗಳನ್ನು ಎದುರುಬದುರು ಕೂರಿಸಿ, ಭಾಗವತರಿಂದ ಅದಕ್ಕೆಂದೇ ಬರೆದ ನಾಲ್ಕು ಪದ್ಯ ಹಾಡಿಸಿ, ವಾದವನ್ನು ಅರ್ಥಗಾರಿಕೆಯಲ್ಲೇ ನಡೆಸಿದೆವು. ಬೆಳಿಗ್ಗೆ ಅರ್ಥಗಾರಿಕೆಯ ಕಮ್ಮಟದಲ್ಲಿ ಒಂದೊಂದು ಪದ್ಯಕ್ಕೆ ಅರ್ಥ ಹೇಳಿ ತೊದಲಿದ್ದ ಇಪ್ಪತ್ತು ಜನ, ಆ ವಾದ ನಡೆಯುವಾಗ ಉಸಿರು ಬಿಗಿಹಿಡಿದು ಕುಳಿತಿದ್ದರು. ಎಲ್ಲಿ ಮಾತು ತಿರುಗಿತು, ಎದುರಾಳಿ ಯಾವ ಪದ ಹಿಡಿದು ಮೇಲೆದ್ದ ಎಂಬುದು ಅವರಿಗೆ ಕಾಣುತ್ತಿತ್ತು. 35 ನಿಮಿಷದ್ದು 80 ನಿಮಿಷವಾಯಿತು, ಅಪ್ಪೆಹುಳಿ ಆರಿಹೋಯಿತು, ಯಾರೂ ದೂರಲಿಲ್ಲ. ಆ ವರ್ಷ ಮೇ 7ಕ್ಕೆ ನಮ್ಮ ಜಿಲ್ಲೆಯಲ್ಲಿ ಲೋಕಸಭೆಯ ಮತದಾನವಿದ್ದು, ನೀತಿಸಂಹಿತೆಯಿಂದಾಗಿ ಮೈಕಿನ ಅನುಮತಿಗೆ ಓಡಾಡುವ ಬದಲು ಮೈಕನ್ನೇ ಬಿಟ್ಟಿದ್ದೆವು. 25 ಜನರ ಅಂಗಳಕ್ಕೆ ಅದು ಬೇಕಿರಲೇ ಇಲ್ಲವೆಂಬುದು ಆಗ ತಿಳಿಯಿತು. ಮೈಕಿನ ಬಾಡಿಗೆಯೂ ಜನರೇಟರಿನ ಡೀಸೆಲ್ಲಿನ ಬಹುಭಾಗವೂ ಅಂದಿನಿಂದ ಉಳಿಯುತ್ತಿವೆ.

2025ರ ಲೆಕ್ಕ ನೆನಪಿನಿಂದ ಹೇಳುವುದಾದರೆ, ಆರು ಕಮ್ಮಟಗಳಿಗೆ 140 ಜನ, ಶುಲ್ಕ 56,000, ದೇಣಿಗೆ 25,000. ಖರ್ಚಿನಲ್ಲಿ ಸಂಭಾವನೆ 36,000, ಊಟ ತಿಂಡಿ 17,000, ಸಾಮಗ್ರಿ 9,000, ಪ್ರಯಾಣ ಮತ್ತು ಚಿಲ್ಲರೆ 8,000. ಹಳೆಯ ಪದ್ಧತಿಯಂತೆ ಮೇ ಕೊನೆಯ ವಾರಕ್ಕೆ ಇಟ್ಟಿದ್ದರೆ ಇದೆಲ್ಲ ಕೊಚ್ಚಿಹೋಗುತ್ತಿತ್ತು, ಏಕೆಂದರೆ ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು.

2026ರಲ್ಲಿ ಮತ್ತೆ ಅಧಿಕ ಜ್ಯೇಷ್ಠ ಬರುತ್ತದೆ, ಮೇ 17ಕ್ಕೆ ಆರಂಭ. ಮದುವೆಗಳಿಲ್ಲದ ದಿನ ಬೇಕೆಂದರೆ ಮಳೆಗೆ ಹತ್ತಿರ ಹೋಗಬೇಕು, ಮಳೆ ತಪ್ಪಿಸಬೇಕೆಂದರೆ ಮುಹೂರ್ತಗಳ ನಡುವೆ ನುಸುಳಬೇಕು. ಸಮಿತಿಯಲ್ಲಿ ಇನ್ನೂ ಒಮ್ಮತವಾಗಿಲ್ಲ. ನನ್ನ ಒಲವು ಅಧಿಕ ಮಾಸದ ಕಡೆಗೇ. ಅಂಗಳ ಬಿಟ್ಟು ಹಂಚಿನ ಮಾಡಿನ ದೊಡ್ಡ ಜಗಲಿಯಿರುವ ಒಂದು ಮನೆಯನ್ನು ಕೇಳಿಟ್ಟಿದ್ದೇನೆ, ಅವರೂ ಒಪ್ಪಿದ್ದಾರೆ. ದಿನ ಯಾವುದೇ ಆಗಲಿ, ಎರಡು ಡ್ರಮ್ ಸುಣ್ಣವನ್ನು ಈಗಾಗಲೇ ಅರಳಿಸಿ ನೀರಿನಡಿ ಇಟ್ಟಾಗಿದೆ.