ವಿಡಿಯೋ ನಿಲ್ಲಿಸಿ ಮಾಡಿದ ಉಪ್ಪಿನ ಪಾಠ

ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆಯ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ತರಗತಿಗೆ ಪ್ರೊಜೆಕ್ಟರ್ ಬಂದ ವರ್ಷ ದಂಡಿ ಯಾತ್ರೆಯ ಬಗ್ಗೆ ಯೂಟ್ಯೂಬಿನಲ್ಲಿ ಸಿಕ್ಕ ಇಪ್ಪತ್ತು ನಿಮಿಷದ ವಿಡಿಯೋ ಹಾಕಿ, ಕಿಟಕಿ ಮುಚ್ಚಿ, ನಾನೂ ಹಿಂದಿನ ಬೆಂಚಿನಲ್ಲಿ ಕೂತುಬಿಟ್ಟೆ. ಯಾರೂ ಗಲಾಟೆ ಮಾಡಲಿಲ್ಲ. ನನಗೆ ಖುಷಿಯೇ ಆಯಿತು. ಮರುದಿನ ಕೇಳಿದರೆ ಹಿನ್ನೆಲೆ ಸಂಗೀತ ನೆನಪಿತ್ತು, ಕೋಲು ಹಿಡಿದ ಗಾಂಧೀಜಿ ನೆನಪಿದ್ದರು, ಆದರೆ ಒಂದು ಹಿಡಿ ಉಪ್ಪಿಗೆ ಅವರು ಯಾಕೆ ಅಷ್ಟು ದೂರ ನಡೆದರು ಅಂತ ಒಬ್ಬರಿಗೂ ಹೇಳಲು ಬರಲಿಲ್ಲ. ನಮ್ಮ ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪು ತಯಾರಿಸುವ ಗದ್ದೆಗಳನ್ನು, ಅಂದರೆ ಆಗರವನ್ನು, ನೋಡಿಕೊಂಡೇ ಬೆಳೆದ ಮಕ್ಕಳು ಇವರು. ನನಗೆ ತುಂಬಾ ಬೇಜಾರಾಯಿತು.

ಆಮೇಲೆ ಪದ್ಧತಿ ಬದಲಿಸಿದೆ. ಈಗ ನಲವತ್ತು ನಿಮಿಷದ ಪಿರಿಯಡ್‌ನಲ್ಲಿ ನಾಲ್ಕು ನಿಮಿಷಕ್ಕಿಂತ ಜಾಸ್ತಿ ವಿಡಿಯೋ ತೋರಿಸುವುದಿಲ್ಲ. ಉಳಿದದ್ದೆಲ್ಲ ಅದನ್ನು ನಿಲ್ಲಿಸಿಕೊಂಡು ಮಾತಾಡುವುದು.

ಮೊದಲ ಸಲ ತುಣುಕನ್ನು ಶಬ್ದ ಇಲ್ಲದೆ ಹಾಕುತ್ತೇನೆ. ದಂಡಿ ಯಾತ್ರೆಗೆ ನಾನು ಆರಿಸಿಕೊಂಡದ್ದು 1930ರಲ್ಲೇ ತೆಗೆದ ಕಪ್ಪು ಬಿಳುಪು ದೃಶ್ಯ. ಅದಕ್ಕೆ ಮೂಲದಲ್ಲಿ ಶಬ್ದವೇ ಇಲ್ಲ. ಮಾತು, ಸಂಗೀತ ಎಲ್ಲ ಆಮೇಲೆ ಯಾರೋ ಸೇರಿಸಿದ್ದು. ಏನು ಕಂಡಿತೋ ಅಷ್ಟನ್ನೇ ಬರೆಯಿರಿ ಅಂತ ಹೇಳಿದೆ. ಒಬ್ಬ ಹುಡುಗ ಎದ್ದು, "ಟೀಚರ್, ಗಾಂಧೀಜಿ ಯಾಕೆ ಓಡಿದ ಹಾಗೆ ನಡೀತಾರೆ?" ಅಂದ. ಒಳ್ಳೆಯ ಪ್ರಶ್ನೆ ಅಲ್ವಾ? ಅವರು ಚುರುಕಾಗಿ ನಡೆಯುತ್ತಿದ್ದರು ನಿಜ, ಆಗ ಅವರಿಗೆ 60 ವರ್ಷ. ಆದರೆ ಆ ಕಾಲದ ಕ್ಯಾಮೆರಾಗಳು ಸೆಕೆಂಡಿಗೆ ಕಡಿಮೆ ಚಿತ್ರ ಹಿಡಿಯುತ್ತಿದ್ದವು, ಅದನ್ನು ಇವತ್ತಿನ ವೇಗದಲ್ಲಿ ಓಡಿಸಿದರೆ ಎಲ್ಲರೂ ಓಡಿದ ಹಾಗೆಯೇ ಕಾಣುತ್ತಾರೆ. ಕಂಪ್ಯೂಟರಿನಲ್ಲಿ ವಿಡಿಯೋ ನಿಲ್ಲಿಸಿ, ಕೀಬೋರ್ಡಿನ ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದೊಂದೇ ಚಿತ್ರ ಹಿಂದೆ ಮುಂದೆ ಹೋಗುತ್ತದೆ. ಹಾಗೆ ತೋರಿಸಿದೆ. ಎಲ್ಲರೂ ಪರದೆಯ ಹತ್ತಿರವೇ ಬಂದು ನಿಂತರು.

ಆಮೇಲೆ ಲೆಕ್ಕ. ಮಾರ್ಚ್ 12ಕ್ಕೆ ಸಾಬರಮತಿಯಿಂದ ಹೊರಟರು, ಏಪ್ರಿಲ್ 5ಕ್ಕೆ ದಂಡಿ ಮುಟ್ಟಿದರು, 6ರಂದು ಉಪ್ಪು ಎತ್ತಿದರು. ಸುಮಾರು 385 ಕಿಲೋಮೀಟರ್. ಕಾರವಾರದಿಂದ ಮಂಗಳೂರಿಗೆ ನಡೆದು, ಅಲ್ಲಿಂದ ಇನ್ನೂ ನೂರು ಕಿಲೋಮೀಟರ್ ನಡೆದ ಹಾಗೆ ಅಂದೆ. ತರಗತಿ ಸುಮ್ಮನಾಯಿತು.

ಉಪ್ಪು ಎತ್ತಿದ ಮಾತು ಬಂದಾಗ ವಿಡಿಯೋ ಪೂರ್ತಿ ನಿಲ್ಲಿಸಿದೆ. ದಡದಲ್ಲಿ ಸುಮ್ನೆ ಕೈ ಹಾಕಿದರೆ ಉಪ್ಪು ಸಿಗುತ್ತದಾ ಅಂತ ಕೇಳಿದೆ. ಯಾವತ್ತೂ ಬಾಯಿ ಬಿಡದ ಹುಡುಗಿಯೊಬ್ಬಳು ಮಾತಾಡಿದಳು. ಅವಳ ಮನೆಯವರು ಆಗರದಲ್ಲಿ ಕೆಲಸ ಮಾಡುತ್ತಾರೆ. ಹೊಳೆಯ ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಪಾತಿಯಿಂದ ಇನ್ನೊಂದಕ್ಕೆ ಹರಿಸಿ, ಬಿಸಿಲಿಗೆ ಗಟ್ಟಿ ಮಾಡಿದರೆ ಉಪ್ಪು, ದಡದಲ್ಲಿ ಸಿಗುವುದು ಉಪ್ಪು ಮಣ್ಣು, ಅದನ್ನು ತೊಳೆದು ಕಾಯಿಸಬೇಕು ಅಂದಳು. ಮಳೆಗಾಲ ಬಂದರೆ ಕೆಲಸ ನಿಂತಿತು ಅಂತಲೂ ಸೇರಿಸಿದಳು. ಸರಿಯಾಗಿಯೇ ಹೇಳಿದಳು, ಗಾಂಧೀಜಿ ಎತ್ತಿದ್ದೂ ಮಣ್ಣು ಬೆರೆತ ಉಪ್ಪನ್ನೇ. ಜನ ಹೀಗೆ ತಾವೇ ಉಪ್ಪು ಮಾಡಿಕೊಳ್ಳಬಾರದು ಅಂತಲೇ ಬ್ರಿಟಿಷರು ಕಾನೂನು ಮಾಡಿದ್ದರು. 1882ರ ಉಪ್ಪಿನ ಕಾಯ್ದೆ ಪ್ರಕಾರ ಹಾಗೆ ಉಪ್ಪು ಮಾಡಿಕೊಂಡರೂ ಅಪರಾಧ. "ನಮ್ಮ ಆಯಿ ಮಾಡಿದ್ರೂ ಜೈಲಾ?" ಅಂತ ಅವಳು ಕೇಳಿದಾಗ ಪಾಠ ಎಲ್ಲರಿಗೂ ಮುಟ್ಟಿತು. ಹಿಂದಿನ ವರ್ಷ ಇಪ್ಪತ್ತು ನಿಮಿಷದ ವಿಡಿಯೋದಿಂದ ಆಗದ ಕೆಲಸ ಅದು.

ಅಲ್ಲಿಂದ ನಮ್ಮ ಪಕ್ಕದ ತಾಲ್ಲೂಕಾದ ಅಂಕೋಲೆಯ ಕಥೆಗೆ ಬರುವುದು ಸುಲಭ. ದಂಡಿಯಲ್ಲಿ ಉಪ್ಪು ಎತ್ತಿ ಒಂದೇ ವಾರಕ್ಕೆ, 1930ರ ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಇದರ ಬಗ್ಗೆ ಒಂದು ವಿಡಿಯೋ ಸಿಕ್ಕಿತು. ಮೊದಲೇ ಪೂರ್ತಿ ನೋಡಿದ್ದು ಒಳ್ಳೆಯದಾಯಿತು. ಅಂಕೋಲೆಯ ಕಥೆ ಹೇಳುತ್ತಾ ಬಣ್ಣದ ದೃಶ್ಯ ತೋರಿಸುತ್ತಾರೆ. ಅದು ಐವತ್ತು ವರ್ಷ ಕಳೆದ ಮೇಲೆ ತೆಗೆದ ಸಿನಿಮಾದ್ದು, ಅಂಕೋಲೆಯದೂ ಅಲ್ಲ. ಬಿಡುವ ಬದಲು ಅದನ್ನೇ ತರಗತಿಗೆ ತಂದೆ. ಇದರಲ್ಲಿ ಆಗ ತೆಗೆದದ್ದು ಯಾವುದು, ಆಮೇಲೆ ತೆಗೆದದ್ದು ಯಾವುದು ಹುಡುಕಿ ಅಂದೆ. ಬಣ್ಣ, ಬಟ್ಟೆ, ಕ್ಯಾಮೆರಾ ಇಟ್ಟ ಜಾಗ, ಎಲ್ಲ ನೋಡಿ ಹಿಡಿದರು.

ಮಿರ್ಜಾನ್ ಕೋಟೆಯ ಪಾಠದಲ್ಲೂ ಹೀಗೇ ಮಾಡಿದೆ. ಆ ಕೋಟೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೈಯಲ್ಲಿತ್ತು, ಆಕೆಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದಿದ್ದರು. ವಿಡಿಯೋದಲ್ಲಿ ಆಕೆಯ ಮುಖ ಬಂದ ಕೂಡಲೇ ಮಕ್ಕಳೇ ನಿಲ್ಲಿಸಿ ಅಂದರು. ಈ ಮುಖ ಎಲ್ಲಿಂದ ಸಿಕ್ಕಿತು? ವಿಡಿಯೋ ಮಾಡಿದವರು ಎಲ್ಲೂ ಹೇಳಿರಲಿಲ್ಲ.

ನೆಟ್‌ವರ್ಕ್ ನಂಬಿ ಕೂರಬೇಡಿ. ನಾನು ಹಿಂದಿನ ರಾತ್ರಿಯೇ ಆ್ಯಪಿನಲ್ಲಿ ಆಫ್‌ಲೈನ್ ಉಳಿಸಿಕೊಂಡು, ಎಲ್ಲೆಲ್ಲಿ ನಿಲ್ಲಿಸಬೇಕು ಅನ್ನುವ ನಿಮಿಷ, ಸೆಕೆಂಡು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಮಳೆಗಾಲದಲ್ಲಿ ಕರೆಂಟು ಹೋದರೆ ಆ ಚೀಟಿಯ ಪ್ರಶ್ನೆಗಳಿಂದಲೇ ಪಾಠ ನಡೆಯುತ್ತದೆ.

ಕಳೆದ ವರ್ಷ ಮಕ್ಕಳೇ ಮೊಬೈಲಿನಲ್ಲಿ ಮೂರು ನಿಮಿಷದ ವಿಡಿಯೋ ಮಾಡಿದರು. ಊರಿನ ಒಬ್ಬ ಅಜ್ಜ ಉಪ್ಪಿನ ಸತ್ಯಾಗ್ರಹದ ಕಥೆ ಹೇಳುತ್ತಾರೆ. ತರಗತಿಯಲ್ಲಿ ಹಾಕಿದಾಗ ಅರ್ಧಕ್ಕೇ ಒಬ್ಬಳು ಕೈ ಎತ್ತಿದಳು. "ಅಜ್ಜ ಆಗ ಹುಟ್ಟೇ ಇರ್ಲಿಲ್ಲ. ಅವರಿಗೆ ಹೇಗೆ ಗೊತ್ತು?" ವಿಡಿಯೋ ಮಾಡಿದ ಹುಡುಗರು ಸಂಜೆ ಮತ್ತೆ ಅಜ್ಜನ ಮನೆಗೆ ಹೋಗಿ ಕೇಳಿದರು. ತಾಯಿ ಹೇಳುತ್ತಿದ್ದುದನ್ನು ಕೇಳಿದ್ದಂತೆ. ಈಗ ಆ ವಿಡಿಯೋದ ಶುರುವಿನಲ್ಲಿ ಒಂದು ಸಾಲು ಇದೆ: ಅಜ್ಜ ತಮ್ಮ ತಾಯಿಯಿಂದ ಕೇಳಿದ ಕಥೆ.